ಹನ್ನೆರಡು ಸೆಕೆಂಡಿನ ಜಗಳ

ಶಾಂತಾರಾಮ ನಾಯಕರಿಗೆ ಜಗಳವೆಂದರೆ ಸಾಕುಸಾಕಾಗಿ ಹೋಗಿತ್ತು. ಅಂಕೋಲೆಯ ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ, ನಿವೃತ್ತಿಯಾದ ಮೇಲೆ ಕೋರ್ಟಿನ ಎದುರಿನ ಜಗಲಿಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕೂತವರು ಅವರು. ಅಣ್ಣತಮ್ಮಂದಿರ ಪಾಲು, ರಾತ್ರೋರಾತ್ರಿ ಸರಿದ ಬೇಲಿ, ಬಾವಿಯ ನೀರಿನ ಹಕ್ಕು. ಊರಿನ ಸಿಟ್ಟೆಲ್ಲ ಅವರ ಬೆರಳ ತುದಿಯಿಂದ ಇಂಗ್ಲಿಷಾಗಿ ಹೊರಗೆ ಬೀಳುತ್ತಿತ್ತು. ಸಂಜೆ ಮನೆಗೆ ಹೋದರೆ ಹೆಂಡತಿ ಹೊನ್ನಮ್ಮನ ಹತ್ತಿರ ಮಾತಾಡುವುದಕ್ಕೂ ಬಾಯಿ ಬರುತ್ತಿರಲಿಲ್ಲ.

2006ರ ದೀಪಾವಳಿ ಮುಗಿದ ವಾರ ಕಾರವಾರದ ವಕೀಲ ರವಿಕಿರಣ ಒಂದು ದಪ್ಪ ಲಕೋಟೆ ಹಿಡಿದುಕೊಂಡು ಜಗಲಿಗೆ ಬಂದ.

"ನಾಯಕ್ರೆ, ಇದು ಕೋರ್ಟಿನ ಕೆಲಸ ಅಲ್ಲ. ಒಬ್ಬ ಹೆಂಗಸನ್ನ ಹುಡುಕ್ಬೇಕು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ದನಿ ಮಾತ್ರ ಉಂಟು."

"ನನ್ನ ಹತ್ರ ಆಗೂದಿಲ್ಲ ಮಾರಾಯಾ. ಮಂಡಿ ಹಿಡ್ಕಂಡು ಬಿಟ್ಟದೆ."

"ನಿಮಗಲ್ದೆ ಮತ್ಯಾರಿಗೆ ಕೇರಿಕೇರಿಯ ಪರಿಚಯ ಉಂಟು?" ಎಂದು ಅವನು ಲಕೋಟೆಯನ್ನು ಟೈಪ್‌ರೈಟರಿನ ಪಕ್ಕಕ್ಕಿಟ್ಟು ಹೋಗಿಯೇ ಬಿಟ್ಟ.

ಒಳಗಿದ್ದದ್ದು ಮುಂಬಯಿಯ ಒಂದು ವಕೀಲರ ಕಚೇರಿಯ ಪತ್ರ, ಒಂದು ಕ್ಯಾಸೆಟ್, ಒಪ್ಪಿಗೆ ಪತ್ರದ ಖಾಲಿ ನಮೂನೆ. ಪತ್ರವನ್ನು ನಾಯಕರು ಎರಡು ಸಲ ಓದಿದರು. ಹ್ಯಾರೋ ಅಂತ ಒಬ್ಬ ಇಂಗ್ಲೆಂಡಿನ ಹಾಡುಗಾರ. ಅವನ ರಾಕ್ ಬ್ಯಾಂಡಿನ ಹಾಡಿಗೆ ಒಂದು ಕಾಲಕ್ಕೆ ಅರ್ಧ ಪ್ರಪಂಚವೇ ಕುಣಿದಿತ್ತಂತೆ. ಬ್ಯಾಂಡು ಒಡೆದ ಮೇಲೆ ಅವನು ಗಿಟಾರನ್ನು ಮೂಲೆಗಿಟ್ಟು, ಹೆಗಲಿಗೆ ಟೇಪಿನ ಪೆಟ್ಟಿಗೆ ನೇತುಹಾಕಿಕೊಂಡು ದೇಶದೇಶ ಅಲೆದ. 1972ರಲ್ಲಿ ಒಂದು ತಿಂಗಳು ಕಾರವಾರಕ್ಕೂ ಅಂಕೋಲೆಗೂ ನಡುವಿನ ಯಾವುದೋ ಮೀನುಗಾರರ ಕೇರಿಯಲ್ಲಿದ್ದ. ತಿರುಗಿ ಹೋಗಿ, ಹಿಡಿದು ತಂದ ಸದ್ದುಗಳ ಟೇಪನ್ನು ಕತ್ತರಿಯಿಂದ ಕತ್ತರಿಸಿ, ಒಂದಕ್ಕೊಂದು ಅಂಟಿಸಿ, ಒಂದೇ ತುಂಡನ್ನು ಮತ್ತೆಮತ್ತೆ ಕೂಡಿಸಿ, ಕೆಲವನ್ನು ಹಿಂದುಮುಂದಾಗಿ ಓಡಿಸಿ ಒಂದು ರೆಕಾರ್ಡು ಮಾಡಿದ. ಅದರಲ್ಲಿ ಹಾಡಿಲ್ಲ, ತಾಳವಿಲ್ಲ. ಅವನ ಹೆಸರು ನೋಡಿ ಕೊಂಡವರು ಪ್ಲೇಟು ಕೆಟ್ಟಿದೆ ಎಂದು ಅಂಗಡಿಗೆ ವಾಪಸು ತಂದರು. ಈಗ ಮೂವತ್ತು ಚಿಲ್ಲರೆ ವರ್ಷದ ಮೇಲೆ ಅದನ್ನೇ ಹುಡುಕಿಕೊಂಡು ಹೋಗುವ ಹೊಸ ತಲೆಮಾರು ಹುಟ್ಟಿದೆ. ಹಾಗಾಗಿ ಸಿ.ಡಿ. ಮಾಡಿ ಮತ್ತೆ ಬಿಡುತ್ತಾರೆ. ಆದರೆ ಗುರುತು ಹಿಡಿಯಬಹುದಾದ ದನಿ ಯಾರದೋ ಅವರ ಸಹಿ ಬೇಕು.

ಮನೆಯಲ್ಲಿ ನಾಯಕರು ಕ್ಯಾಸೆಟ್ ಹಾಕಿದರು. ಹನ್ನೆರಡೇ ಸೆಕೆಂಡು. ಸಿಟ್ಟಿನಿಂದ ಹರಿದುಹೋದ ಒಂದು ಹೆಣ್ಣು ದನಿ, ಕೊಂಕಣಿ ಬೆರೆತ ಕಡಲತಡಿಯ ಮನೆಮಾತಿನಲ್ಲಿ, ಒಂದೇ ಮಾತನ್ನು ಎಂಟು ಸಲ ಹೇಳುತ್ತಿತ್ತು: "ಕಡಲು ತಿನ್ನಲಿ. ಕಡಲು ತಿನ್ನಲಿ. ಕಡಲು ತಿನ್ನಲಿ..."

"ಇದೆಂತ ಸಂಗೀತ?" ಎಂದಳು ಹೊನ್ನಮ್ಮ. "ಬಂದ್ ಮಾಡಿ."

ಆ ಕೇರಿ ಯಾವುದಿರಬಹುದೆಂದು ನಾಯಕರಿಗೆ ಅಂದಾಜಿತ್ತು. ಆದರೆ ಅದು ಈಗ ಇರಲಿಲ್ಲ. ನೌಕಾನೆಲೆಗೆ ಜಾಗ ಹೋದಾಗ ಅಲ್ಲಿಯ ಮನೆಗಳೆಲ್ಲ ಎದ್ದು, ಜನ ಅಮದಳ್ಳಿ, ಬೈತಖೋಲ, ಹಾರವಾಡ ಅಂತ ಚದುರಿಹೋಗಿದ್ದರು. ನಾಯಕರು ಬ್ಯಾಟರಿ ಟೇಪ್‌ರೆಕಾರ್ಡರನ್ನು ಸಂತೆಚೀಲದಲ್ಲಿ ಹಾಕಿಕೊಂಡು ಮೂರು ದಿನ ಬಸ್ಸು ಹತ್ತಿ ಇಳಿದರು. ಕೇಳಿದವರು ನಕ್ಕರು, ಕೆಲವರು ಹೆದರಿ ಬಾಗಿಲು ಹಾಕಿಕೊಂಡರು. ನಾಲ್ಕನೆಯ ದಿನ ಅಮದಳ್ಳಿಯ ಬಸ್‌ಸ್ಟಾಪಿನಲ್ಲಿ ಬಸಳೆ ಸೊಪ್ಪು ಮಾರುತ್ತಿದ್ದ ಸುಕ್ರಿ ಎಂಬ ಮುದುಕಿ ಕಿವಿಗೊಟ್ಟು ಕೇಳಿ, ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಾ ಹೇಳಿದಳು:

"ಗಂಗೂನ ಮನೆಗೆ ಹೋಗಿ. ದನಿ ಯಾರದೋ ನಂಗೊತ್ತಿಲ್ಲ. ಆ ಮಾತಿಗೆ ವಾರಸುದಾರಳು ಅವಳೇ."

ಗಂಗೂ ಜಗಲಿಯಲ್ಲಿ ಕಾಲು ಚಾಚಿ ಕೂತು ಸೆಟ್ಲಿಯ, ಅಂದರೆ ಸಿಗಡಿಯ, ತಲೆ ಮುರಿಯುತ್ತಿದ್ದಳು. ಅರವತ್ತೈದು ದಾಟಿದ, ಒಣಕಲು ಮೈಯ ಹೆಂಗಸು. ಮಗ ರೂಪೇಶ ರಾತ್ರಿ ಪಾಳಿ ಮುಗಿಸಿ ಬಂದು ಒಳಗೆ ಮಲಗಿದ್ದ. ಟೇಪಿನ ಪೆಟ್ಟಿಗೆಯ ಗೋರಾ ಮನುಷ್ಯ ಎಂದೊಡನೆ ಅವಳಿಗೆ ನೆನಪಾಯಿತು.

"ಹೌದು, ಹೌದು. ಕೂದಲು ಬಿಟ್ಕಂಡವ. ನಮ್ಮ ತೆಂಗಿನ ಮರದ ಬುಡದಲ್ಲೇ ಗುಡಿಸಲು ಹಾಕ್ಕಂಡಿದ್ದ. ನಾವು ಹೆಂಗಸ್ರೆಲ್ಲ ಸೇರಿ ಎಷ್ಟು ಚಂದಾಗಿ ಮದುವೆ ಹಾಡು ಹೇಳಿದ್ವು ಗೊತ್ತುಂಟಾ? ಪೆಟ್ಟಿಗೆ ಚಾಲೂನೇ ಮಾಡ್ಲಿಲ್ಲ. ಕೊಡಪಾನ ತಿಕ್ಕೂದು, ಕಾಗೆ ಕೂಗೂದು, ದೋಣಿ ಎಳೆಯೂದು, ಇಂಥದೇ ಬೇಕಾಯ್ತು ಅವಂಗೆ."

ನಾಯಕರು ಗುಂಡಿ ಒತ್ತಿದರು. ಗಂಗೂನ ಬೆರಳು ಸೆಟ್ಲಿಯ ಮೇಲೆ ಹಾಗೇ ನಿಂತಿತು.

"ಇನ್ನೊಂದು ಸಲ ಹಾಕಿ," ಎಂದಳು. ಹಾಕಿದರು. "ಏ ರೂಪೇಶಾ! ಏಳು, ಬಾ ಇಲ್ಲಿ! ಕೇಳು ಬಾ! ಮೂವತ್ತನಾಲ್ಕು ವರ್ಷ ನಾನು ಸುಳ್ಳು ಹೇಳ್ತೆ ಅಂದ್ರಲ್ಲ ಎಲ್ರೂ. ಕೇಳು ಈಗ!"

ಆಮೇಲೆ ಅವಳು ಹೇಳಿದ್ದು ಇಷ್ಟು. ದನಿ ಕಾಶಿಯದು, ಅಂದರೆ ಗಂಗೂನ ಗಂಡನ ತಮ್ಮ ದತ್ತಾನ ಹೆಂಡತಿಯದು. ಆಗ ಒಂದೇ ಅಂಗಳ, ಎರಡು ಒಲೆ. ಮೀನು ಒಣಗಿಸುವ ಚಾಪೆಯ ಜಾಗಕ್ಕೆ ಜಗಳ ಹತ್ತಿತು. ಮಾತಿಗೆ ಮಾತು ಬೆಳೆದು ಕಾಶಿ, "ನಿನ್ನ ಗಂಡನನ್ನ ಕಡಲು ತಿನ್ನಲಿ" ಅಂದಳು. ಎರಡು ಮಳೆಗಾಲ ಕಳೆದು ಗಂಗೂನ ಗಂಡ ತಿಮ್ಮುವಿನ ದೋಣಿ ಮಗುಚಿತು. ಹೆಣ ಕೂಡ ಸಿಗಲಿಲ್ಲ. ಅಂದಿನಿಂದ ಈ ಮನೆಗೂ ಆ ಮನೆಗೂ ನೀರಿನ ಬಳಕೆಯೂ ಇಲ್ಲ. ಮೂರು ವರ್ಷದ ಹಿಂದೆ ಮೈದುನ ದತ್ತಾ ಕಾಯಿಲೆಯಲ್ಲಿ ಸತ್ತಾಗಲೂ ಗಂಗೂ ಹೋಗಿರಲಿಲ್ಲ.

"ಆದ್ರೆ ಗಂಗೂಬಾಯಿ," ನಾಯಕರು ಮೆಲ್ಲಗೆ ಹೇಳಿದರು, "ಇದ್ರಲ್ಲಿ ಗಂಡ ಅನ್ನೂ ಮಾತು ಇಲ್ವಲ್ಲ. ಕಡಲು ತಿನ್ನಲಿ ಅಂತಷ್ಟೇ ಉಂಟು. ಎಂತದನ್ನ ತಿನ್ನಲಿ ಅಂತ ಇಲ್ಲ."

"ಮುಂಚಿನ ತುಂಡು ಕತ್ತರ್ಸಿ ಒಗೆದ್ರೆ ಹ್ಯಾಂಗೆ ಇರ್ತದೆ?" ಗಂಗೂ ಸೆಟ್ಲಿಯ ತಲೆಯನ್ನು ಲಟ್ಟೆಂದು ಮುರಿದಳು. "ನಂಗೆ ಕಿವಿ ಇರ್ಲಿಲ್ವಾ?"

ಮರುದಿನ ನಾಯಕರು ಕಾಶಿಯನ್ನು ಹುಡುಕಿಕೊಂಡು ಬೈತಖೋಲಕ್ಕೆ ಹೋದರು. ಮೀನಿನ ಹರಾಜು ಮುಗಿದು, ಟ್ರಾಲರುಗಳು ಡೀಸೆಲ್ ಹೊಗೆ ಉಗುಳುತ್ತಾ ನಿಂತಿದ್ದವು. ಕಾಶಿ ದೋಣಿ ನಿಲ್ಲುವ ಧಕ್ಕೆಯ ಪಕ್ಕ ಗೋಣಿಚೀಲದ ನೆರಳು ಮಾಡಿಕೊಂಡು ಬಂಗಡೆಯ ಬುಟ್ಟಿಯ ಎದುರು ಕೂತಿದ್ದಳು. ಸಣ್ಣ ಕುಳ್ಳನೆಯ ಹೆಂಗಸು, ಮಾತು ಕಮ್ಮಿ. ಟೇಪ್‌ರೆಕಾರ್ಡರನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಒತ್ತಿಕೊಂಡು ಕೇಳಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ನನ್ನ ದನಿಯೇ," ಎಂದಳು.

"ಎಂತ ತಿನ್ನಲಿ ಅಂದ್ರಿ?"

"ಮೀನು. ನಿನ್ನ ಮೀನನ್ನ ಕಡಲು ತಿನ್ನಲಿ ಅಂದೆ. ಎಲ್ರಿಗೂ ಅದನ್ನೇ ಹೇಳ್ತಾ ಬಂದೆ." ಟೇಪ್‌ರೆಕಾರ್ಡರನ್ನು ಕೆಳಗಿಟ್ಟು ಕೇಳಿದಳು, "ಇದ್ರ ಮುಂಚೆ ಅವಳ ದನಿ ಇಲ್ವಾ?"

"ನಂಗೆ ಕಳ್ಸಿದ್ದು ಇಷ್ಟೇ."

ನಮೂನೆಯಲ್ಲಿ ಹೆಸರು, ವಯಸ್ಸು, ವಿಳಾಸ ಎಲ್ಲ ಬರೆಸಿದಳು. ವಾರಸುದಾರರು ಎಂಬಲ್ಲಿ, "ಯಾರೂ ಇಲ್ಲ ಅಂತ ಬರ್ಕಣಿ" ಎಂದಳು. ಆದರೆ ಸಹಿ ಹಾಕಲಿಲ್ಲ. "ಮೀನು ಅನ್ನೂ ಮಾತು ಸಿಕ್ಕಿದ್ರೆ ಹಾಕ್ತೆ. ಹಾಗೇ ಹಾಕಿದ್ರೆ ಅವಳು ಹೇಳಿದ್ದನ್ನೇ ನಾನು ಒಪ್ಪಿಕಂಡ ಹಾಗೆ ಆಗ್ತದೆ."

ನಾಯಕರು ಮುಂಬಯಿಗೆ ಬರೆದರು: ಪೂರ್ತಿ ರೆಕಾರ್ಡನ್ನು ಕ್ಯಾಸೆಟ್ಟಿಗೆ ಇಳಿಸಿ ಕಳಿಸಿ, ಸಾಧ್ಯವಾದರೆ ಅಂದು ಕೇರಿಯಲ್ಲಿ ಹಿಡಿದ ಮೂಲ ಟೇಪನ್ನೂ. ಯಾಕೆ ಬರೆದೆನೋ ಎಂದು ಅವರಿಗೇ ಅನಿಸಿತು. ಒಬ್ಬಳು ಒಪ್ಪಲಿಲ್ಲ ಎಂದು ಕಾಗದ ತಿರುಗಿಸಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಉತ್ತರ ಬರುವಾಗ ಸಂಕ್ರಾಂತಿ ಕಳೆದಿತ್ತು. ಹ್ಯಾರೋನನ್ನೇ ಕೇಳಿದೆವು, ಮೂಲ ಟೇಪು ಇಲ್ಲ, ಬೇಡದ ತುಂಡುಗಳನ್ನೆಲ್ಲ ಆಗಲೇ ಕಸದ ಬುಟ್ಟಿಗೆ ಹಾಕಿದ್ದನಂತೆ ಎಂದು ಬರೆದಿದ್ದರು. ರೆಕಾರ್ಡಿನ ಎರಡೂ ಬದಿ ಕ್ಯಾಸೆಟ್ಟಿನಲ್ಲಿತ್ತು.

ಊಟ ಮುಗಿಸಿ ನಾಯಕರು ಆರಾಮಕುರ್ಚಿಯಲ್ಲಿ ಕೂತು ಕೇಳಿದರು. ಒಟ್ಟು ನಲವತ್ತಮೂರು ನಿಮಿಷ. ರೈಲಿನ ಶಿಳ್ಳೆ, ಯಾವುದೋ ಭಾಷೆಯ ರೇಡಿಯೋ ವಾರ್ತೆ, ಮಗು ಅಳುವುದು, ಅಳು ಹಿಂದುಮುಂದಾಗಿ ಓಡಿ ನಗುವಿನ ಹಾಗೆ ಕೇಳುವುದು, ಬಾಗಿಲು, ಕಬ್ಬಿಣ ಉಜ್ಜುವುದು, ನಡುವೆಲ್ಲೋ ಗಿಟಾರಿನ ಒಂದೇ ತಂತಿ. ಹದಿನೈದು ನಿಮಿಷಕ್ಕೆ ಹೊನ್ನಮ್ಮ ಪಕ್ಕದ ಮನೆಗೆ ಎದ್ದು ಹೋದಳು. ನಾಯಕರಿಗೆ ತೂಕಡಿಕೆ ಬಂತು. ಜಗತ್ತಿನ ಎಲ್ಲ ಸದ್ದನ್ನೂ ಯಾರೋ ಗುಡಿಸಿ ತಂದು ತನ್ನ ಪಡಸಾಲೆಯಲ್ಲಿ ಸುರಿದಂತೆ ಅನಿಸಿ ಆಯಾಸವಾಯಿತು. ಎರಡನೆಯ ಬದಿಯಲ್ಲಿ ಹಡಗಿನ ಕೂಗೊಂದು ನಿಂತದ್ದೇ, ತೆರೆಯ ಸದ್ದಿನ ಮೇಲೆ ಇನ್ನೊಂದು ಹೆಣ್ಣು ದನಿ ಎದ್ದಿತು. ಕತ್ತರಿ ತಾಗದ, ಇಡಿಯಾದ ಮಾತು:

"ನಿನ್ನ ಹೊಟ್ಟೆಲಿ ಒಂದು ಹುಳನೂ ಹುಟ್ಟದೇ ಹೋಗ್ಲಿ!"

ಒಂದು ಉಸಿರಿನಷ್ಟು ಮೌನ. ಆಮೇಲೆ ಕಾಶಿ: "ಕಡಲು ತಿನ್ನಲಿ. ಕಡಲು ತಿನ್ನಲಿ..."

ಮೊದಲ ದನಿ ಯಾರದೆಂದು ಕೇಳುವ ಅಗತ್ಯ ಇರಲಿಲ್ಲ. ಅಮದಳ್ಳಿಯ ಜಗಲಿಯಲ್ಲಿ ಮಗನನ್ನು ಕೂಗಿ ಎಬ್ಬಿಸಿದ ಅದೇ ಗಂಟಲು. ನಾಯಕರಿಗೆ ತಾವೇ ಬರೆದ ನಮೂನೆಯ ಸಾಲು ಕಣ್ಣಿಗೆ ಕಟ್ಟಿತು. ವಾರಸುದಾರರು: ಯಾರೂ ಇಲ್ಲ. ಅವರು ಟೇಪು ನಿಲ್ಲಿಸಿದರು.

ಎರಡು ದಿನ ಬಿಟ್ಟು ಮತ್ತೆ ಬೈತಖೋಲಕ್ಕೆ ಹೋದಾಗ ಕಾಶಿ ಅವರ ಮುಖ ನೋಡಿಯೇ ಕೇಳಿದಳು.

"ಬಂತಾ?"

"ಮೀನು ಅನ್ನೂದು ಸಿಗ್ಲಿಲ್ಲ. ಅದು ಕಸಕ್ಕೆ ಹೋಯ್ತಂತೆ. ಗಂಗೂಬಾಯಿಯ ಮಾತು ಬಂತು."

ಕಾಶಿ ಬುಟ್ಟಿಯ ಮೀನಿನ ಮೇಲೆ ಕೂತ ನೊಣ ಓಡಿಸಿದಳು. "ಅವಳಿಗೆ ಕೇಳಿಸ್ಬೇಡಿ ಅದನ್ನ."

"ಯಾಕೆ?"

"ಅವಳಿಗೆ ನೆನಪಿಲ್ಲ."

"ನಿಮಗೆ ಹ್ಯಾಂಗೆ ಗೊತ್ತು?"

"ನೆನಪಿದ್ದಿದ್ರೆ ನನ್ನ ಮೇಲೆ ಅಷ್ಟು ಧೈರ್ಯದಲ್ಲಿ ಸಿಟ್ಟು ಇಟ್ಕಳೂಕೆ ಆಗ್ತಿತ್ತಾ?"

"ನೀವು ಯಾರ ಹತ್ರನೂ ಹೇಳ್ಲಿಲ್ವಾ?"

"ಯಾರ ಹತ್ರ ಹೇಳೂದು? ಗಂಡನಿಗೂ ಹೇಳ್ಲಿಲ್ಲ. ಮೂರು ಸಲ ಬಸಿರು ನಿಂತು ಮೂರು ಸಲ ಹೋಯ್ತು. ಹೋದಾಗೆಲ್ಲ ಆ ಮಾತು ಕಿವಿಲಿ ಕೇಳ್ತಿತ್ತು. ಅದ್ರ ನಡುವೆ ತಿಮ್ಮು ಭಾವ ಸತ್ತ. ಗಂಡ ಸತ್ತವಳ ಹತ್ರ ಎಂತ ಅಂತ ಲೆಕ್ಕ ಕೇಳೂಕೆ ಹೋಗೂದು?" ಒಬ್ಬ ಗಿರಾಕಿ ಬಂದು ಬಂಗಡೆಯ ಕಿವಿರು ಎತ್ತಿ ನೋಡಿದ. ಕಾಶಿ ಅವನ ಕಡೆಗೆ ತಿರುಗಿದಳು. ಮಾತು ಮುಗಿದಿತ್ತು.

ಬಸ್ಸಿನಲ್ಲಿ ಕೂತು ನಾಯಕರು ಯೋಚಿಸಿದರು. ಮುಂಬಯಿಯವರು ಎರಡನ್ನೂ ಒಬ್ಬಳದೇ ದನಿ ಎಂದುಕೊಂಡಿರಬೇಕು. ಇನ್ನೊಂದು ದನಿಯ ಗುರುತು ಸಿಗಲಿಲ್ಲ ಎಂದು ಬರೆದುಬಿಟ್ಟರೆ ಯಾರು ಕೇಳುತ್ತಾರೆ? ಆದರೆ ಗುರುತು ಸಿಕ್ಕಿದೆ. ಸುಳ್ಳು ಬರೆದು ಕೈಗೆ ರೂಢಿ ಇಲ್ಲ. ಕೇಳಿಸದೆಯೇ ಸಹಿ ತೆಗೆದುಕೊಳ್ಳುವುದು ಎಂದು ತೀರ್ಮಾನಿಸಿ ಅಮದಳ್ಳಿಯಲ್ಲಿ ಇಳಿದರು.

"ನಿಮ್ಮ ದನಿಯೂ ಒಂದು ಕಡೆ ಉಂಟು ಗಂಗೂಬಾಯಿ. ಒಂದೇ ಒಂದು ಮಾತು. ಇಲ್ಲಿ ಸಹಿ ಹಾಕಿದ್ರೆ ಆಯ್ತು."

"ನನ್ನ ದನಿಯಾ? ಹಾಕಿ, ಕೇಳ್ವಾ."

"ಸೆಲ್ ಹೋಗ್ಯದೆ."

"ರೂಪೇಶಾ, ಅಂಗಡಿಗೆ ಹೋಗಿ ಎರಡು ಸೆಲ್ ತಕಂಡ್ ಬಾ."

ನಾಯಕರಿಗೆ ತಪ್ಪಿಸಿಕೊಳ್ಳುವ ದಾರಿ ತೋಚಲಿಲ್ಲ. ರೂಪೇಶ ಸೆಲ್ ತಂದ. ನಾಯಕರು ಅದನ್ನು ಹಾಕಿದರು. ಹಡಗು ಕೂಗಿತು, ತೆರೆ ಬಂತು, ದನಿ ಬಂತು.

"ಇದು ನಾನಲ್ಲ," ಎಂದಳು ಗಂಗೂ ತಕ್ಷಣ.

ರೂಪೇಶ ತಾಯಿಯ ಮುಖ ನೋಡಿದವನು ಕಣ್ಣು ಕೆಳಗೆ ಹಾಕಿದ.

"ಇನ್ನೊಂದು ಸಲ ಹಾಕಿ."

ಎರಡನೆಯ ಸಲ ಕೇಳುವಾಗ ಅವಳು ಗೋಡೆ ಹಿಡಿದುಕೊಂಡಳು. ಮೂರನೆಯ ಸಲ ಹಾಕಿ ಎನ್ನಲಿಲ್ಲ. ಎದ್ದು ಒಳಗೆ ಹೋದಳು. ಅರ್ಧ ಗಂಟೆ ಕಾದರೂ ಬರಲಿಲ್ಲ. ರೂಪೇಶ ಒಳಗೆ ಹೋಗಿ ಬಂದು, "ಆಯಿ ಬರೂದಿಲ್ಲ ಅಂತಾಳೆ. ನೀವು ಹೋಗಿ ನಾಯಕ್ರೆ. ಸಿಟ್ಟು ಮಾಡ್ಕಣ್ಬೇಡಿ," ಎಂದ.

ಆ ರಾತ್ರಿ ನಾಯಕರಿಗೆ ಊಟ ಸೇರಲಿಲ್ಲ. "ನಿಮಗೆ ಬೇಕಿತ್ತಾ ಇದು?" ಎಂದು ಹೊನ್ನಮ್ಮ ಕೇಳಿದಳು. ಬೇಕಿರಲಿಲ್ಲ ಎಂದರು. ಕಾಗದಗಳನ್ನು ರವಿಕಿರಣನಿಗೆ ತಿರುಗಿಸಿ ಕೊಡುವುದೆಂದು ಲಕೋಟೆಗೆ ತುಂಬಿಟ್ಟರು. ಆದರೆ ಕಾರವಾರಕ್ಕೆ ಹೋಗುವ ಮನಸ್ಸೇ ಆಗದೆ ಅದು ಟೈಪ್‌ರೈಟರಿನ ಕೆಳಗೆ ಎರಡು ವಾರ ಬಿದ್ದಿತ್ತು.

ಒಂದು ಗುರುವಾರ ಬೆಳಿಗ್ಗೆ ಜಗಲಿಯ ಮೆಟ್ಟಿಲ ಹತ್ತಿರ ಗಂಗೂ ನಿಂತಿದ್ದಳು. ತೊಳೆದ ಸೀರೆ ಉಟ್ಟು, ಕೈಯಲ್ಲಿ ಕೊಡೆ ಹಿಡಿದಿದ್ದಳು. ಎರಡು ವಾರದಲ್ಲಿ ಮುಖ ಇನ್ನಷ್ಟು ಒಣಗಿತ್ತು.

"ಬೈತಖೋಲಕ್ಕೆ ಹೋಗ್ವಾ ನಾಯಕ್ರೆ."

"ರೂಪೇಶನನ್ನ ಕರ್ಕಂಡು ಹೋಗ್ಬೋದಿತ್ತಲ್ಲ? ನಿಮ್ಮ ಮನೆಯಿಂದ ಬೈತಖೋಲ ಆ ಕಡೆ, ಅಂಕೋಲೆ ಈ ಕಡೆ."

"ಗೊತ್ತುಂಟು. ಬಸ್ಸು ಹತ್ತಿದ್ದು ಆ ಕಡೆಗೇ. ಅರ್ಧ ದಾರಿಗೆ ಬಿಣಗಾದಲ್ಲಿ ಇಳ್ದು ವಾಪಸ್ ಬಂದೆ. ಒಬ್ಬಳಿಗೆ ಹೋಗೂಕೆ ಆಗೂದಿಲ್ಲ. ಮಗನ ಎದುರಿಗೂ ಆಗೂದಿಲ್ಲ."

ನಾಯಕರು ಟೈಪ್‌ರೈಟರಿಗೆ ಬಟ್ಟೆ ಹೊದಿಸಿ, ಲಕೋಟೆ ಎತ್ತಿಕೊಂಡು ಎದ್ದರು. ದಾರಿಯುದ್ದಕ್ಕೂ ಗಂಗೂ ಒಂದೇ ಒಂದು ಮಾತಾಡಿದಳು. "ನೆನಪೇ ಇಲ್ಲ ಮಾರಾಯ್ರೆ. ಚಾಪೆಯ ಬಣ್ಣ ನೆನಪುಂಟು. ಅವಳು ಯಾವ ಸೀರೆ ಉಟ್ಟಿದ್ಲು ಅಂತ ನೆನಪುಂಟು. ನನ್ನ ಬಾಯಿಂದ ಬಂದದ್ದೇ ಇಲ್ಲ."

ಧಕ್ಕೆಯಲ್ಲಿ ಜನ ಕರಗಿದ್ದರು. ಕಾಶಿ ದೂರದಿಂದಲೇ ನೋಡಿದಳು. ಎದ್ದು ನಿಲ್ಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಗಂಗೂ ಬಂದು ಬುಟ್ಟಿಯ ಎದುರು ನಿಂತಳು, ಮೀನು ಕೊಳ್ಳಲು ಬಂದವಳ ಹಾಗೆ. ನಾಯಕರಿಗೆ ತಾವೇ ಏನಾದರೂ ಹೇಳಬೇಕೇನೋ ಅನಿಸುವಷ್ಟರಲ್ಲಿ ಕಾಶಿ ಖಾಲಿ ಬುಟ್ಟಿಯೊಂದನ್ನು ಪಕ್ಕಕ್ಕೆ ಸರಿಸಿದಳು.

"ಬಿಸಿಲಲ್ಲಿ ನಿಂತ್ಕಣ್ಬೇಡ ವಯನಿ. ಕೂತ್ಕ."

ಭಾವನ ಹೆಂಡತಿಗೆ ಹೇಳುವ ಆ 'ವಯನಿ' ಎಂಬ ಮಾತಿಗೆ ಗಂಗೂ ಕೂತಳು. ಗೋಣಿಚೀಲದ ನೆರಳು ಇಬ್ಬರಿಗೆ ಸಾಲುತ್ತಿರಲಿಲ್ಲ.

"ನಂಗೆ ನೆನಪೇ ಇರ್ಲಿಲ್ಲ ಕಾಶಿ."

"ಗೊತ್ತು."

"ನಾನು ಹಾಗೆ ಹೇಳಿದ್ದಕ್ಕೇ ನಿಂಗೆ..."

"ಅಲ್ಲ. ಡಾಕ್ಟ್ರು ಬೇರೆ ಕಾರಣ ಹೇಳಿದ್ರು." ಕಾಶಿ ತಡೆದು ಹೇಳಿದಳು, "ಆಗ ನಂಬ್ಲಿಲ್ಲ ನಾನು. ಈಗ ವಯಸ್ಸಾಯ್ತು, ನಂಬ್ತೆ."

ಗಂಗೂ ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದು ಟ್ರಾಲರು ಧಕ್ಕೆ ಬಿಟ್ಟು ಹೊರಟಿತು. ಅದರ ಇಂಜಿನ್ನಿನ ಸದ್ದಿಗೆ ಮಾತು ನಿಂತಿತು. ಸದ್ದು ದೂರಾದ ಮೇಲೆ ಕಾಶಿಯೇ ಶುರು ಮಾಡಿದಳು.

"ಒಂದು ಹೇಳ್ತೆ ವಯನಿ. ಮೀನು ಅಂದೆ ಅಂತ ಇಷ್ಟು ವರ್ಷ ಎಲ್ರ ಹತ್ರ ಹೇಳ್ದೆ. ದೇವರ ಎದುರಿಗೂ ಹೇಳ್ದೆ. ಆದ್ರೆ ಆವತ್ತು ಈ ನಾಯಕ್ರು ನನ್ನ ದನಿ ಕೇಳಿಸಿದ್ರಲ್ಲ, ಅಷ್ಟು ಸಿಟ್ಟು ಆ ದನಿಲಿ. ಅಷ್ಟು ಸಿಟ್ಟಲ್ಲಿ ಇರೂವವಳು ಮೀನು ಅಂದಿರ್ತಾಳಾ? ಖರೆ ಹೇಳ್ಬೇಕು ಅಂದ್ರೆ ನಂಗೀಗ ಗೊತ್ತಿಲ್ಲ. ಅದನ್ನ ಕತ್ತರ್ಸಿ ಒಗೆದವನಿಗೂ ಗೊತ್ತಿಲ್ಲ."

ಇಷ್ಟು ದೂರ ಬಂದ ಮೇಲೆ ಈ ಮಾತು ಬೇಕಿತ್ತೇ ಎಂದುಕೊಂಡರು ನಾಯಕರು. ಗಂಗೂ ಬುಟ್ಟಿಯಲ್ಲಿ ಉಳಿದಿದ್ದ ನಾಲ್ಕು ಬಂಗಡೆಗಳನ್ನೇ ನೋಡುತ್ತಾ ಕೂತಿದ್ದಳು.

"ಮೀನು ಅಂತ್ಲೇ ಇಟ್ಕಣ್ವಾ," ಎಂದಳು ಕಡೆಗೆ. ದನಿಯಲ್ಲಿ ಔದಾರ್ಯವೇನೂ ಇರಲಿಲ್ಲ. ದಿನವಿಡೀ ಹೊತ್ತ ಬುಟ್ಟಿಯನ್ನು ಕೆಳಗಿಳಿಸುವವರ ದನಿ ಅದು. "ನಂಗೆ ಸಾಕಾಗಿ ಹೋಯ್ತು. ಇನ್ನು ಎಷ್ಟು ದಿನ ಬದುಕೂದುಂಟು? ಮೀನು ಅಂತ್ಲೇ ಬರ್ಕಣಿ ನಾಯಕ್ರೆ."

ಒಪ್ಪಿಗೆ ಪತ್ರದ ಎರಡನೆಯ ಹಾಳೆಯಲ್ಲಿ, ಆಡಿದ ಮಾತುಗಳು ಎಂಬ ಕಡೆ, ಕೇಳಿಸಿದ್ದನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಕೇಳದ ಮಾತನ್ನು ನಾಯಕರು ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಬರೆದವರಲ್ಲ. ಪೆನ್ನು ಸ್ವಲ್ಪ ಹೊತ್ತು ಹಾಳೆಯ ಮೇಲೆ ನಿಂತಿತ್ತು. ಆಮೇಲೆ 'ನಿನ್ನ ಮೀನನ್ನು' ಎಂಬುದನ್ನೂ ಸೇರಿಸಿಯೇ ಬರೆದರು. ಗಂಗೂನ ಮಾತನ್ನು ಇದ್ದ ಹಾಗೆಯೇ ಬರೆಯಲು ಹೊರಟಾಗ ಕಾಶಿ ಕೈ ಅಡ್ಡ ಹಿಡಿದಳು.

"ಅದು ಸರಿಯಾಗಿ ಕೇಳೂದಿಲ್ಲ ಅಂತ ಬರ್ಕಣಿ," ಎಂದಳು.

ಹಾಗೇ ಬರೆದರು. ಗಂಗೂ ಹೆಬ್ಬೆಟ್ಟು ಒತ್ತಿದಳು. ಕಾಶಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಹೊರಡುವಾಗ ಕಾಶಿ ಎರಡು ಬಂಗಡೆಯನ್ನು ಎಲೆಯಲ್ಲಿ ಸುತ್ತಿ ಕೊಟ್ಟಳು. ಗಂಗೂ ಬೇಡ ಎನ್ನದೆ ತೆಗೆದುಕೊಂಡಳು. ಅಷ್ಟೇ. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ರೂಪೇಶನ ಮಗಳ ನಾಮಕರಣಕ್ಕೆ ಆ ಮೇ ತಿಂಗಳಲ್ಲಿ ಕಾಶಿ ಬಂದು, ಹಿಂದಿನ ಸಾಲಿನಲ್ಲಿ ಕೂತು, ಉಂಡು ಹೋದಳೆಂದು ನಾಯಕರಿಗೆ ಆಮೇಲೆ ಸುಕ್ರಿಯಿಂದ ತಿಳಿಯಿತು.

ಸಿ.ಡಿ. ಮಳೆಗಾಲದ ಕೊನೆಗೆ ಬಂತು. ಜೊತೆಗಿದ್ದ ಸಣ್ಣ ಪುಸ್ತಕದಲ್ಲಿ ಇಬ್ಬರ ಹೆಸರೂ ಇತ್ತು. ಇಬ್ಬರಿಗೂ ಒಂದೊಂದು ಕೊಡಲು ಹೋದಾಗ ಇಬ್ಬರೂ ಬೇಡವೆಂದರು. ನಾಯಕರು ಎರಡನ್ನೂ ರವಿಕಿರಣನ ಮೇಜಿನ ಮೇಲಿಟ್ಟು ಬಂದರು. ಅವನು ಅದನ್ನು ತಿರುಗಿಸಿ ನೋಡಿ, "ಇದನ್ನ ದುಡ್ಡು ಕೊಟ್ಟು ಕೇಳ್ತಾರಾ ಜನ?" ಎಂದ.

"ಕೇಳ್ತಾರಂತೆ," ಎಂದರು ನಾಯಕರು.

ಅಂಕೋಲೆಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮನೆ ತಲುಪಿದಾಗ ಸಂಜೆಯಾಗಿತ್ತು. ಹೊನ್ನಮ್ಮ ಚಾ ತಂದಿಟ್ಟು ಪಕ್ಕದಲ್ಲಿ ಕೂತಳು.

"ನಂಗೊಂದು ಹೇಳಿ. ಆ ಕಾಶಿ ಖರೆ ಎಂತ ಅಂದಿರ್ಬೋದು?"

ನಾಯಕರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಗೊತ್ತಿಲ್ಲ ಮಾರಾಯ್ತಿ," ಎಂದರು. "ಚಾಕ್ಕೆ ಸಕ್ಕರೆ ಹಾಕಿದ್ಯಾ?"